ಆ್ಯಪಲ್ ಟಿ.ವಿ. ಸೆಟ್ ಏಕೆ ಬರಲಿಲ್ಲ?

ಸಹೋದರಿಯರೇ, ನಿಮ್ಮ ಮನೆಯ ಟಿ.ವಿ.ಗೆ ಎಷ್ಟು ವರ್ಷವಾಯಿತು? ಎಂಟು, ಹತ್ತು ಎನ್ನುವವರೇ ಹೆಚ್ಚಿರಬಹುದು. ಮೊಬೈಲಿಗಾದರೆ ಮೂರು ವರ್ಷ ತುಂಬುವ ಮೊದಲೇ "ಉಮ್ಮಾ, ಇದು ಹಳೆಯದಾಯಿತು" ಎಂದು ಮಕ್ಕಳು ಹಠ ಹಿಡಿಯುತ್ತಾರೆ. ಕಂಪ್ಯೂಟರಿಗೂ ಮೊಬೈಲಿಗೂ ಹೆಸರಾದ ಅಮೆರಿಕದ ಆ್ಯಪಲ್ ಕಂಪೆನಿ ಟಿ.ವಿ. ಸೆಟ್ ವ್ಯಾಪಾರದಲ್ಲಿ ನೆಲೆಯೂರದೇ ಹೋದುದಕ್ಕೆ ಅರ್ಧ ಕಾರಣ ಈ ವ್ಯತ್ಯಾಸದಲ್ಲೇ ಇದೆ.

ಪ್ರಯತ್ನ ಮಾಡಲಿಲ್ಲವೆಂದಲ್ಲ. 1993ರಲ್ಲೇ ಅದು 'ಮ್ಯಾಕಿಂತೋಷ್ ಟಿ.ವಿ.' ಎಂಬ ಕಪ್ಪು ಪೆಟ್ಟಿಗೆಯೊಂದನ್ನು ತಂದಿತು. 14 ಇಂಚಿನ ಪರದೆ, ಬೆಲೆ ಎರಡು ಸಾವಿರ ಡಾಲರಿಗೂ ಹೆಚ್ಚು. ಕಂಪ್ಯೂಟರೂ ಹೌದು, ಟಿ.ವಿ.ಯೂ ಹೌದು, ಆದರೆ ಎರಡನ್ನೂ ಒಟ್ಟಿಗೆ ನೋಡುವಂತಿರಲಿಲ್ಲ. ಸುಮಾರು ಹತ್ತು ಸಾವಿರ ಪೆಟ್ಟಿಗೆಗಳಷ್ಟೇ ತಯಾರಾದವು. 1994ರ ಆರಂಭದಲ್ಲೇ ಅದರ ಕತೆ ಮುಗಿಯಿತು.

ಬೇರೆ ಕಂಪ್ಯೂಟರ್ ಕಂಪೆನಿಗಳೂ ಕೈ ಸುಟ್ಟುಕೊಂಡವು. ಗೇಟ್‌ವೇ ಕಂಪೆನಿ 2002ರಲ್ಲಿ 42 ಇಂಚಿನ ಪ್ಲಾಸ್ಮಾ ಟಿ.ವಿ.ಯನ್ನು 2,999 ಡಾಲರಿಗೆ ಮಾರತೊಡಗಿತು. ಅಂದಿನ ಮಾರುಕಟ್ಟೆಯಲ್ಲಿ ಅದು ಅಗ್ಗ. ಬಳಿಕ ಡೆಲ್, ಎಚ್.ಪಿ.ಗಳೂ ಇಳಿದವು. ಆ ದಶಕ ಮುಗಿಯುವ ಮೊದಲೇ ಎಲ್ಲರೂ ಹಿಂದೆ ಸರಿದರು. ಟಿ.ವಿ.ಯಲ್ಲಿ ದುಬಾರಿ ವಸ್ತುವೆಂದರೆ ಪರದೆ. ಅದನ್ನು ಮಾಡುವ ಕಾರ್ಖಾನೆಗಳು ಬೇರೆಯವರದು. ವರ್ಷ ವರ್ಷವೂ ಬೆಲೆ ಇಳಿಯುತ್ತದೆ, ಅಂಗಡಿಯವನಿಗೂ ಕಂಪೆನಿಗೂ ಉಳಿಯುವುದು ಚಿಲ್ಲರೆ. ಮೇಲಾಗಿ, ಒಮ್ಮೆ ಕೊಂಡ ಗೃಹಿಣಿ ಹತ್ತು ವರ್ಷ ಅಂಗಡಿಯ ಕಡೆ ತಲೆ ಹಾಕುವುದಿಲ್ಲ!

ಇದನ್ನೆಲ್ಲ ನೋಡಿದ ಆ್ಯಪಲ್ 2007ರಲ್ಲಿ ಟಿ.ವಿ.ಯ ಬದಲು ಟಿ.ವಿ.ಗೆ ಜೋಡಿಸುವ ಪುಟ್ಟ ಪೆಟ್ಟಿಗೆಯನ್ನು 299 ಡಾಲರಿಗೆ ಬಿಡುಗಡೆ ಮಾಡಿತು. ಹೆಸರು ಮಾತ್ರ 'ಆ್ಯಪಲ್ ಟಿ.ವಿ.'! ಕಂಪೆನಿಯ ಮುಖ್ಯಸ್ಥ ಸ್ಟೀವ್ ಜಾಬ್ಸ್ ಅದನ್ನು 'ಹವ್ಯಾಸ' ಎಂದು ಕರೆದರು. 2010ರಲ್ಲಿ ಅದರ ಬೆಲೆ 99 ಡಾಲರಿಗೆ ಇಳಿಯಿತು. 2011ರಲ್ಲಿ ಅವರು ತೀರಿಕೊಂಡ ಬಳಿಕ ಬಂದ ಜೀವನಚರಿತ್ರೆಯಲ್ಲಿ, ಸರಳವಾದ ಟಿ.ವಿ.ಯ ಗುಟ್ಟು ತನಗೆ ಕೊನೆಗೂ ಸಿಕ್ಕಿತೆಂದು ಅವರು ಹೇಳಿದ್ದು ಪ್ರಕಟವಾಯಿತು. ಇನ್ನೇನು ಬಂತು, ಇನ್ನೇನು ಬಂತು ಎಂದು ಪತ್ರಿಕೆಗಳು ವರ್ಷಗಟ್ಟಲೆ ಬರೆದವು. ಆ ಯೋಜನೆಯನ್ನು ಕಂಪೆನಿ ಯಾವತ್ತೋ ಕೈಬಿಟ್ಟಿದೆಯೆಂದು 'ವಾಲ್ ಸ್ಟ್ರೀಟ್ ಜರ್ನಲ್' ಪತ್ರಿಕೆ 2015ರಲ್ಲಿ ವರದಿ ಮಾಡಿತು.

ಹಾಗಾದರೆ ಸೋತಿತೇ? ನನಗೆ ಹಾಗನಿಸುವುದಿಲ್ಲ. 2019ರ ನವೆಂಬರಿನಲ್ಲಿ ಅದು ತನ್ನದೇ ಕಾರ್ಯಕ್ರಮಗಳ ಸೇವೆ ಆರಂಭಿಸಿತು. ಭಾರತದಲ್ಲಿ ಆಗ ತಿಂಗಳಿಗೆ 99 ರೂಪಾಯಿ. ಸ್ಯಾಮ್‌ಸಂಗ್, ಎಲ್.ಜಿ., ಸೋನಿ ಟಿ.ವಿ.ಗಳಲ್ಲೂ ಅದನ್ನು ನೋಡಲು ಅವಕಾಶವಾಯಿತು. ಹತ್ತು ವರ್ಷಕ್ಕೊಮ್ಮೆ ಅಂಗಡಿಗೆ ಬರುವ ಗಿರಾಕಿಯನ್ನು ಕಾಯುವ ಬದಲು, ಪ್ರತಿ ತಿಂಗಳೂ ಅವಳ ಮನೆಬಾಗಿಲಿಗೇ ಬರುವುದು ಲಾಭವಲ್ಲವೇ? ಹಾಲಿನ ಲೆಕ್ಕದ ಹಾಗೆ.

ಇಲ್ಲಿ ನಾವು ಸ್ವಲ್ಪ ಎಚ್ಚರ ವಹಿಸಬೇಕು. ಹಾಲಿನ ಲೆಕ್ಕವನ್ನು ನಾವು ಕ್ಯಾಲೆಂಡರಿನಲ್ಲಿ ಬರೆದಿಡುತ್ತೇವೆ. ಈ ಚಂದಾಗಳೋ ಖಾತೆಯಿಂದ ಸದ್ದಿಲ್ಲದೆ ಜಾರುತ್ತವೆ. ಮಗ ಹಾಕಿಸಿಕೊಂಡದ್ದೊಂದು, ಮನೆಯವರು ಕ್ರಿಕೆಟ್‌ಗಾಗಿ ಹಾಕಿಸಿದ್ದೊಂದು. ಒಂದು ಸಂಜೆ ಎಲ್ಲವನ್ನೂ ಕೂಡಿಸಿ ನೋಡಿ. ನಾನು ಕೂಡಿಸಿದಾಗ ಆರು ತಿಂಗಳಿಂದ ಯಾರೂ ತೆರೆದೇ ನೋಡದ ಒಂದು ಸೇವೆಗೂ ಹಣ ಹೋಗುತ್ತಿತ್ತು.

ಇನ್ನೊಂದು ಮಾತು. ಕಳೆದ ವರ್ಷ ನಮ್ಮ ಮನೆಯ ಸ್ಮಾರ್ಟ್ ಟಿ.ವಿ.ಯಲ್ಲಿ ಕೆಲವು ಆ್ಯಪ್‌ಗಳು ಇದ್ದಕ್ಕಿದ್ದಂತೆ ನಿಂತುಹೋದವು. ಅಂಗಡಿಯಾತ ಹೊಸ ಸೆಟ್ ಕೊಳ್ಳಿ ಎಂದ. ಪರದೆಗೆ ಏನೂ ಆಗಿರಲಿಲ್ಲ, ಬಣ್ಣಗಳು ಸ್ವಚ್ಛವಾಗಿದ್ದವು. ಮುದಿಯಾದದ್ದು ಒಳಗಿನ ಕಂಪ್ಯೂಟರ್ ಮಾತ್ರ. ಹಿಂಬದಿಯಲ್ಲಿ ಎಚ್‌ಡಿಎಂಐ ಕಿಂಡಿ ಇದ್ದರೆ ಅದಕ್ಕೆ ಸಿಕ್ಕಿಸುವ ಸಣ್ಣ ಸಾಧನಗಳು ಸಿಗುತ್ತವೆ, ಹೊಸ ಟಿ.ವಿ.ಯ ಬೆಲೆಯಲ್ಲಿ ಸಣ್ಣದೊಂದು ಪಾಲು ಅಷ್ಟೆ. ನಾವೂ ಅದನ್ನೇ ತಂದೆವು. ಅದೇ ಹಳೆಯ ಟಿ.ವಿ. ಈಗಲೂ ಹಜಾರದಲ್ಲಿದೆ.