ಹತ್ತಿರದ ದಾರಿ, ಹಿತದ ದಾರಿ

ದೂರದ ಊರಿಗೆ ಹೊರಟವನು ಮೊದಲು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: 'ಯಾವ ದಾರಿ ಹತ್ತಿರ?' ಬಿಸಿಲು ಹದವಾಗಿದ್ದು, ರಸ್ತೆ ಒಣಗಿದ್ದು, ಹಗಲು ದೀರ್ಘವಾಗಿರುವ ದಿನಗಳಲ್ಲಿ ಈ ಪ್ರಶ್ನೆಯಿಂದ ಹೆಚ್ಚಿನ ಹಾನಿಯಿಲ್ಲ. ಆದರೆ ಚಳಿಗಾಲವು ಬಂದೊಡನೆ ದಾರಿಯ ಸ್ವಭಾವವೇ ಬದಲಾಗುತ್ತದೆ. ಹಗಲು ಕುಗ್ಗುತ್ತದೆ, ಬಯಲಿನಲ್ಲಿ ಮಂಜು ಕವಿಯುತ್ತದೆ, ಎತ್ತರದ ಪರ್ವತಗಳಲ್ಲಿ ಹಿಮ ಬೀಳುತ್ತದೆ. ಆಗ ಕೇಳಬೇಕಾದ ಪ್ರಶ್ನೆ ಬೇರೆ: 'ಲೆಕ್ಕಾಚಾರ ತಪ್ಪಿದರೆ ಯಾವ ದಾರಿಯಲ್ಲಿ ಜೀವ ಉಳಿದೀತು?' ಈ ಎರಡನೆಯ ಪ್ರಶ್ನೆಯನ್ನು ಮೊದಲು ಕೇಳುವವನೇ ಚಳಿಗಾಲದ ದೂರಪಯಣಕ್ಕೆ ಅರ್ಹನು. 'ಆತುರಗಾರನಿಗೆ ಬುದ್ಧಿ ಮಟ್ಟ' ಎಂಬ ಗಾದೆಯು ದಾರಿಯ ಆಯ್ಕೆಯಲ್ಲಿ ನಿಜವಾಗುವಷ್ಟು ಬೇರೆಲ್ಲಿಯೂ ನಿಜವಾಗುವುದಿಲ್ಲವೇನೋ!

ಈ ಮಾತಿಗೆ ಇತಿಹಾಸದಲ್ಲಿ ಒಂದು ಕಠೋರವಾದ ನಿದರ್ಶನವಿದೆ. ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ಅಮೆರಿಕದ ಸಾವಿರಾರು ಕುಟುಂಬಗಳು ಹೊಸ ನೆಲವನ್ನು ಅರಸಿ ಪಶ್ಚಿಮ ತೀರದ ಕಡೆಗೆ ವಲಸೆ ಹೊರಟುವು. ಆ ಭಾಗಕ್ಕೆ ರೈಲು ಇನ್ನೂ ಬಂದಿರಲಿಲ್ಲ. ಎತ್ತುಗಳು ಎಳೆಯುವ ಕಮಾನು ಗಾಡಿಗಳಲ್ಲಿ ಮನೆಯ ಸಾಮಾನುಗಳನ್ನು ಹೇರಿಕೊಂಡು, ಮಕ್ಕಳುಮರಿಗಳೊಡನೆ ತಿಂಗಳುಗಟ್ಟಲೆ ಸಾಗಬೇಕಾಗಿತ್ತು. ಕ್ಯಾಲಿಫೋರ್ನಿಯಕ್ಕೆ ಹೋಗುವವರಿಗೆ ಒಂದು ಕಟ್ಟುನಿಟ್ಟಾದ ಕಾಲನಿಯಮವಿತ್ತು. ವಸಂತದಲ್ಲಿ ಹುಲ್ಲು ಚಿಗುರಿದೊಡನೆ ಹೊರಡಬೇಕು; ಹಿಮ ಬೀಳುವ ಮೊದಲೇ ಸಿಯೆರಾ ನೆವಾಡ ಎಂಬ ಪರ್ವತಶ್ರೇಣಿಯನ್ನು ದಾಟಿರಬೇಕು.

1846ರ ಏಪ್ರಿಲ್ ತಿಂಗಳಿನಲ್ಲಿ ಇಲಿನಾಯ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ನಗರದಿಂದ ಡಾನರ್ ಮತ್ತು ರೀಡ್ ಕುಟುಂಬಗಳು ಹೀಗೆಯೇ ಹೊರಟುವು. ನಡುದಾರಿಯಲ್ಲಿ ಅವರಿಗೆ ಎರಡು ಮಾರ್ಗಗಳು ಎದುರಾದುವು. ಒಂದು, ಹಲವು ತಂಡಗಳು ಗಾಡಿ ಓಡಿಸಿ ಹದಗೊಳಿಸಿದ್ದ ಹಳೆಯ ಬಳಸುದಾರಿ. ಇನ್ನೊಂದು, ಲ್ಯಾನ್ಸ್‌ಫರ್ಡ್ ಹೇಸ್ಟಿಂಗ್ಸ್ ಎಂಬಾತನು 1845ರಲ್ಲಿ ಪ್ರಕಟವಾದ ತನ್ನ ಪ್ರವಾಸ ಕೈಪಿಡಿಯಲ್ಲಿ ಸೂಚಿಸಿದ್ದ ಹೊಸ ಒಳದಾರಿ. ಇದು ನೂರಾರು ಕಿಲೋಮೀಟರುಗಳನ್ನು ಉಳಿಸುವುದೆಂದು ಅವನ ಭರವಸೆ. ಆದರೆ ಆ ಪುಸ್ತಕವನ್ನು ಬರೆದಾಗ ಹೇಸ್ಟಿಂಗ್ಸ್ ಆ ದಾರಿಯಲ್ಲಿ ನಡೆದಿರಲೇ ಇಲ್ಲ! ಅದೇ ದಾರಿಯನ್ನು ಕುದುರೆಯ ಮೇಲೆ ಆಗತಾನೆ ಹಾದುಬಂದಿದ್ದ ಜೇಮ್ಸ್ ಕ್ಲೈಮನ್ ಎಂಬ ಅನುಭವಿಯು ರೀಡನನ್ನು ಕಂಡು, ಗಾಡಿಗಳೊಡನೆ ಆ ಕಡೆ ಹೋಗಬಾರದೆಂದೂ ಹಳೆಯ ದಾರಿಯನ್ನು ಬಿಡಬಾರದೆಂದೂ ಎಚ್ಚರಿಸಿದನು. ಕಣ್ಣಾರೆ ಕಂಡವನ ಮಾತು ರುಚಿಸಲಿಲ್ಲ; ಕಾಣದವನ ಪುಸ್ತಕವು ರುಚಿಸಿತು. ಬಹುಪಾಲು ಗಾಡಿಗಳು ಹಳೆಯ ದಾರಿಯನ್ನು ಹಿಡಿದುವು. ಡಾನರ್ ತಂಡವು ಒಳದಾರಿಗೆ ತಿರುಗಿತು.

ಮುಂದಿನದು ದುಃಖದ ಕಥೆ. ವಾಸಾಚ್ ಪರ್ವತಗಳಲ್ಲಿ ಮರಗಿಡಗಳನ್ನು ಕಡಿದು ಗಾಡಿಗೆ ದಾರಿ ಮಾಡಿಕೊಳ್ಳುವುದರಲ್ಲಿಯೇ ಎರಡು ವಾರಗಳಿಗಿಂತ ಹೆಚ್ಚು ಕಾಲ ಕಳೆಯಿತು. ಅನಂತರ ಎದುರಾದ ಉಪ್ಪಿನ ಮರುಭೂಮಿಯು ಅವರು ಕೇಳಿ ತಿಳಿದಿದ್ದುದಕ್ಕಿಂತ ಸುಮಾರು ಎರಡರಷ್ಟು ಅಗಲವಾಗಿತ್ತು. ನೀರಿಲ್ಲದೆ ಎತ್ತುಗಳು ಸತ್ತುವು; ಗಾಡಿಗಳನ್ನು ಅಲ್ಲಲ್ಲಿಯೇ ಬಿಡಬೇಕಾಯಿತು. ಕೊನೆಗೆ ಲೆಕ್ಕ ಹಾಕಿದರೆ ಆ 'ಹತ್ತಿರದ ದಾರಿ' ಹಳೆಯ ದಾರಿಗಿಂತ ಸುಮಾರು 200 ಕಿಲೋಮೀಟರು ಉದ್ದವಾಗಿತ್ತು. ನವೆಂಬರ್ ತಿಂಗಳ ಆರಂಭದ ವೇಳೆಗೆ ಅವರು ಸಿಯೆರಾ ನೆವಾಡದ ಕೊನೆಯ ಏರನ್ನು ಮುಟ್ಟಿದಾಗ ಹಿಮವು ಕಣಿವೆಮಾರ್ಗವನ್ನು ಮುಚ್ಚಿಬಿಟ್ಟಿತ್ತು. ಮುಂದೆ ಹೋಗಲಾಗದೆ, ಹಿಂದೆ ಮರಳಲಾಗದೆ, ಅವರು ಸರೋವರದ ದಂಡೆಯಲ್ಲಿ ಇಡೀ ಚಳಿಗಾಲವನ್ನು ಹಸಿವಿನಲ್ಲಿ ಕಳೆದರು. 1847ರ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ರಕ್ಷಣಾ ತಂಡಗಳು ಬಂದು ಅವರನ್ನು ಕರೆದೊಯ್ಯುವಷ್ಟರಲ್ಲಿ, ತಂಡದ 87 ಜನರಲ್ಲಿ ಅರ್ಧಕ್ಕೆ ಸಮೀಪವಾದಷ್ಟು ಮಂದಿ ಅಸುನೀಗಿದ್ದರು. ಹಳೆಯ ದಾರಿಯಲ್ಲಿ ಹೋದ ತಂಡಗಳು ಹಿಮಕ್ಕೆ ಮೊದಲೇ ಕ್ಯಾಲಿಫೋರ್ನಿಯವನ್ನು ಸೇರಿದ್ದುವು.

ಈ ದುರಂತಕ್ಕೆ ಹಿಮವೊಂದೇ ಕಾರಣವೆನ್ನುವುದು ಸರಿಯಲ್ಲ. ತಪ್ಪಿದುದು ಮನುಷ್ಯರ ಎಣಿಕೆ. ದೂರವನ್ನು ಅವರು ಎಣಿಸಿದರು. ದಾರಿಯ ಗುಣವನ್ನು ಎಣಿಸಲಿಲ್ಲ. ಉಳಿಯುವ ದಿನಗಳನ್ನು ಲೆಕ್ಕಹಾಕಿದರು; ತಡವಾದರೆ ಏನು ಗತಿಯೆಂಬುದನ್ನು ಲೆಕ್ಕಹಾಕಲಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಹಿಂದಿರುಗಲು ಅವಕಾಶವಿಲ್ಲದ ದಾರಿಯನ್ನು ಅವರು ಆರಿಸಿಕೊಂಡರು.

'ಅದು ಎತ್ತಿನ ಗಾಡಿಗಳ ಕಾಲ. ಇಂದು ಡಾಂಬರು ರಸ್ತೆಗಳಿವೆ, ಸುರಂಗಗಳಿವೆ, ಅಂಗೈಯಲ್ಲಿಯೇ ದಾರಿ ತೋರಿಸುವ ಮೊಬೈಲುಗಳಿವೆ. ಆ ಪಾಠ ಇಂದಿಗೆ ಏಕೆ?' ಎಂದು ಕೆಲವರು ಕೇಳಬಹುದು. ಆಕ್ಷೇಪವು ತಳ್ಳಿಹಾಕುವಂಥದಲ್ಲ. ಡಾನರ್ ತಂಡವು ಸಿಲುಕಿದ ಸ್ಥಳದ ಸಮೀಪದಲ್ಲಿಯೇ ಇಂದು ಅಗಲವಾದ ಹೆದ್ದಾರಿಯಿದೆ. ಕ್ಯಾಲಿಫೋರ್ನಿಯದಲ್ಲಿ ನೆಲೆಸಿರುವ ಕನ್ನಡಿಗರೂ ಚಳಿಗಾಲದ ರಜೆಯಲ್ಲಿ ಮಕ್ಕಳಿಗೆ ಹಿಮವನ್ನು ತೋರಿಸಲು ಆ ರಸ್ತೆಯಲ್ಲಿ ಹೋಗುವುದುಂಟು. ಆದರೆ ಹಿಮ ಬೀಳತೊಡಗಿತೆಂದರೆ, ಚಕ್ರಗಳಿಗೆ ಸರಪಳಿ ಕಟ್ಟದ ಅನೇಕ ವಾಹನಗಳನ್ನು ಅಲ್ಲಿಯ ಅಧಿಕಾರಿಗಳು ಮುಂದೆ ಬಿಡುವುದಿಲ್ಲ. ಬಿರುಸು ಹೆಚ್ಚಿದರೆ ಹೆದ್ದಾರಿಯನ್ನೇ ಮುಚ್ಚುತ್ತಾರೆ. ರಸ್ತೆಯು ಹೊಸದಾದರೂ ಪರ್ವತವು ಹಳೆಯದೇ ಎಂಬುದನ್ನು ಅವರು ಬಲ್ಲರು.

ಹಿಮಾಲಯದಲ್ಲಿಯೂ ಇದೇ ಸತ್ಯವು ಕಂಡುಬರುತ್ತದೆ. 2020ರ ಅಕ್ಟೋಬರ್ ತಿಂಗಳಿನಲ್ಲಿ 9.02 ಕಿಲೋಮೀಟರು ಉದ್ದದ ಅಟಲ್ ಸುರಂಗವು ತೆರೆಯಿತು. ರೋಹತಾಂಗ್ ಕಣಿವೆಮಾರ್ಗದ ಹಿಮದಿಂದಾಗಿ ಚಳಿಗಾಲದಲ್ಲಿ ತಿಂಗಳುಗಟ್ಟಲೆ ಹೊರಜಗತ್ತಿನಿಂದ ದೂರವಾಗುತ್ತಿದ್ದ ಲಾಹೌಲ್ ಪ್ರದೇಶದ ಜನರಿಗೆ ಇದು ದೊಡ್ಡ ಉಪಕಾರವಾಯಿತು. ಆದರೆ ಸುರಂಗದೊಳಗೆ ಹಿಮವಿಲ್ಲದಿದ್ದರೂ ಅದರ ಬಾಗಿಲಿನವರೆಗೆ ಹೋಗುವ ರಸ್ತೆಯು ಬಯಲಿನಲ್ಲಿಯೇ ಇದೆ. ಆ ಬಾಗಿಲು ಸಮುದ್ರಮಟ್ಟದಿಂದ 3000 ಮೀಟರಿಗೂ ಎತ್ತರದಲ್ಲಿದೆ. 2024ರ ಡಿಸೆಂಬರ್‌ನಲ್ಲಿ ಸೊಲಾಂಗ್ ಮತ್ತು ಸುರಂಗದ ನಡುವೆ ಸುಮಾರು ಸಾವಿರ ವಾಹನಗಳು ಹಿಮದಲ್ಲಿ ಸಿಲುಕಿದುವು. ಪೊಲೀಸರು ಪ್ರಯಾಣಿಕರನ್ನು ಪಾರುಮಾಡಬೇಕಾಯಿತು. ಎಲ್ಲೆಡೆಯೂ ಅಂಥ ಅದೃಷ್ಟ ದೊರೆಯುವುದಿಲ್ಲ. 2022ರ ಜನವರಿಯಲ್ಲಿ ಪಾಕಿಸ್ತಾನದ ಮರ್ರಿ ಎಂಬ ಗಿರಿಧಾಮಕ್ಕೆ ಹಿಮವನ್ನು ನೋಡಲು ಹೋದವರ ವಾಹನಗಳು ರಾತ್ರಿ ರಸ್ತೆಯಲ್ಲಿಯೇ ಹೂತುಹೋಗಿ 20ಕ್ಕೂ ಹೆಚ್ಚು ಮಂದಿ ಮಡಿದರು. ಬೆಚ್ಚಗಿರಲೆಂದು ಎಂಜಿನನ್ನು ಓಡಿಸುತ್ತ ಕುಳಿತಾಗ, ಹೊಗೆಕೊಳವೆಗೆ ಹಿಮ ಮುಚ್ಚಿಕೊಂಡರೆ ಇಂಗಾಲದ ಮಾನಾಕ್ಸೈಡ್ ಎಂಬ ವಾಸನೆಯಿಲ್ಲದ ವಿಷಾನಿಲವು ಒಳಗೆ ತುಂಬುತ್ತದೆ. ಮಲಗಿದವರು ಏಳುವುದಿಲ್ಲ. ಅವರು ಸತ್ತುದು ನಿರ್ಜನವಾದ ಮರುಭೂಮಿಯಲ್ಲಲ್ಲ. ಜನಪ್ರಿಯವಾದ ಗಿರಿಧಾಮದ ರಸ್ತೆಯಲ್ಲಿ!

ಚಳಿಗಾಲದ ಅಪಾಯವು ಹಿಮದ ನಾಡಿಗೆ ಮಾತ್ರ ಸೀಮಿತವೆಂದು ದಕ್ಷಿಣದವರು ನಿಶ್ಚಿಂತರಾಗಿರುವಂತಿಲ್ಲ. ಶ್ರೀನಗರದಿಂದ ಕನ್ಯಾಕುಮಾರಿಯವರೆಗೆ ಸಾಗುವ 44ನೆಯ ರಾಷ್ಟ್ರೀಯ ಹೆದ್ದಾರಿಯು ಬೆಂಗಳೂರನ್ನು ಹಾದುಹೋಗುತ್ತದೆ. ಕರ್ನಾಟಕದ ಲಾರಿಗಳೂ ಪ್ರವಾಸಿಗರೂ ಈ ಮಾರ್ಗವಾಗಿ ಆಗ್ರ, ದೆಹಲಿಗಳ ಕಡೆಗೆ ಹೋಗುತ್ತಾರೆ. ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ಉತ್ತರದ ಬಯಲನ್ನು ಮಂಜು ಮುಸುಕುತ್ತದೆ. ಗಾಳಿಯಾಡದ ನಿರ್ಮಲವಾದ ಇರುಳಿನಲ್ಲಿ ನೆಲವು ಬೇಗನೆ ತಣಿಯುತ್ತದೆ. ನೀರುಂಡ ಹೊಲಗಳ ತೇವವು ನೆಲಕ್ಕೆ ಅಂಟಿಕೊಂಡಂತೆ ಮಂಜಾಗಿ ನಿಲ್ಲುತ್ತದೆ. 50 ಮೀಟರಿಗಿಂತ ಆಚೆಗೆ ಕಣ್ಣು ಕಾಣದಿದ್ದರೆ ಅದನ್ನು ಭಾರತೀಯ ಹವಾಮಾನ ಇಲಾಖೆಯು 'ಅತಿ ದಟ್ಟ ಮಂಜು' ಎಂದು ಕರೆಯುತ್ತದೆ. ಗಂಟೆಗೆ 80 ಕಿಲೋಮೀಟರು ವೇಗದ ವಾಹನವು ಒಂದು ಸೆಕೆಂಡಿಗೆ 22 ಮೀಟರು ಮುಂದೆ ಹೋಗುತ್ತದೆ. ಎದುರಿಗೆ ನಿಂತ ಲಾರಿಯನ್ನು ಕಂಡು ಚಾಲಕನ ಕಾಲು ಬ್ರೇಕನ್ನು ಒತ್ತುವಷ್ಟರಲ್ಲಿ ಆ ಸೆಕೆಂಡು ಮುಗಿದಿರುತ್ತದೆ. ಉಳಿದ 28 ಮೀಟರಿನಲ್ಲಿ ವಾಹನವು ನಿಲ್ಲಲಾರದು. ಇಂಥ ಇರುಳಿನಲ್ಲಿ ನೇರವಾದ, ನುಣುಪಾದ ಹೆದ್ದಾರಿಯು ವರವಲ್ಲ, ಶಾಪ. ಕರ್ನಾಟಕದ ಘಟ್ಟಗಳ ತಿರುವುಗಳಲ್ಲಿಯೂ ಚಳಿಗಾಲದ ಮುಂಜಾನೆ ಮಂಜು ದಾರಿಯನ್ನು ಮರೆಮಾಡುವುದುಂಟು.

ಹೀಗಿರಲು, ಸುರಕ್ಷಿತವಾದ ದಾರಿಯ ಲಕ್ಷಣವಾದರೂ ಏನು? ಮೊದಲನೆಯದಾಗಿ, ಅದು ಊರುಗಳ ನಡುವೆ ಸಾಗುವ ದಾರಿ. ಗಾಡಿ ಕೆಟ್ಟರೆ ಒಂದು ದೀಪ, ಒಂದು ಆಸ್ಪತ್ರೆ, ಬಿಸಿನೀರು ದೊರೆಯುವ ದಾರಿ. ಎರಡನೆಯದಾಗಿ, ಅದರ ಕಠಿಣವಾದ ಭಾಗವನ್ನು ಹಗಲಿನಲ್ಲಿಯೇ ದಾಟಲು ಸಾಧ್ಯವಾಗಬೇಕು. ಬಿಸಿಲು ತಾಗದ ಬೆಟ್ಟದ ಮಗ್ಗುಲಿನಲ್ಲಿ ನೀರು ಹೆಪ್ಪುಗಟ್ಟಿ ಗಾಜಿನಂತೆ ನಿಂತಿರುತ್ತದೆ. ಕೆಳಗಿನಿಂದಲೂ ತಣ್ಣನೆಯ ಗಾಳಿ ತಾಗುವುದರಿಂದ ಸೇತುವೆಗಳು ರಸ್ತೆಗಿಂತ ಮೊದಲೇ ಹೆಪ್ಪುಗಟ್ಟುತ್ತವೆ. ಇವು ಹಗಲಿನಲ್ಲಿ ಕಂಡಾವು, ಇರುಳಿನಲ್ಲಿ ಕಾಣವು. ಮೂರನೆಯದಾಗಿ, ಅದು ಹಿಂದಿರುಗಲು ಎಡೆಯಿರುವ ದಾರಿಯಾಗಿರಬೇಕು. 'ಇಷ್ಟು ಗಂಟೆಯೊಳಗೆ ಇಂಥ ಸ್ಥಳವನ್ನು ತಲಪದಿದ್ದರೆ ಮರಳುವುದು' ಎಂಬ ನಿರ್ಧಾರವನ್ನು ಮನೆಯಲ್ಲಿಯೇ ಮಾಡಿರಬೇಕು. ನಡುದಾರಿಯಲ್ಲಿ ದಣಿದ ಮನಸ್ಸು ಅದನ್ನು ಮಾಡಲಾರದು. ಕೊನೆಯದಾಗಿ, ಆ ದಿನವೇ ಆ ದಾರಿಯಲ್ಲಿ ಬಂದವರನ್ನು ವಿಚಾರಿಸಬೇಕು. ಮೊಬೈಲು ದೂರವನ್ನೂ ವೇಳೆಯನ್ನೂ ಹೇಳಬಲ್ಲುದು. ಮುಂದಿನ ತಿರುವಿನ ನೆರಳಿನಲ್ಲಿ ಹೆಪ್ಪುಗಟ್ಟಿದ ನೀರನ್ನು ಅದು ಕಾಣಲಾರದು. ಎದುರಿನಿಂದ ಬಂದ ಲಾರಿ ಚಾಲಕನು ಅದನ್ನು ಕಂಡಿರುತ್ತಾನೆ. ಅಂದಿನ ಕ್ಲೈಮನ್ನನ ಸ್ಥಾನದಲ್ಲಿ ಇಂದು ಅವನಿದ್ದಾನೆ.

ಬಳಸುದಾರಿಯು ಹಣವನ್ನೂ ಹೊತ್ತನ್ನೂ ಬೇಡುತ್ತದೆಂಬುದು ನಿಜ. ಎಲ್ಲರಿಗೂ ಆಯ್ಕೆಯ ಸ್ವಾತಂತ್ರ್ಯವಿಲ್ಲವೆಂಬುದೂ ನಿಜ. ಸರಕು ಸಾಗಿಸುವ ಚಾಲಕನಿಗೆ ದಾರಿಯನ್ನು ಆರಿಸುವವನು ಬಹುಮಟ್ಟಿಗೆ ಮಾಲೀಕನೇ. 'ನಾಳೆ ಬೆಳಿಗ್ಗೆಯೇ ತಲಪಬೇಕು' ಎಂಬ ಒಂದು ಮಾತಿನಿಂದ ಮಂಜಿನ ಇರುಳೂ ನಿದ್ದೆಗೆಟ್ಟ ಕಣ್ಣೂ ಚಾಲಕನ ಪಾಲಿಗೆ ಬರುತ್ತವೆ. ಆದುದರಿಂದ ಸುರಕ್ಷತೆಯ ಹೊಣೆಯು ಚಕ್ರ ಹಿಡಿದವನ ಮೇಲೆ ಮಾತ್ರವಿಲ್ಲ. ವೇಳೆಯನ್ನು ಗೊತ್ತುಮಾಡಿದವರ ಮೇಲೂ ಇದೆ. ಶಾಲೆಗಳ ಪ್ರವಾಸಗಳು ಹೆಚ್ಚಾಗಿ ನಡೆಯುವುದು ಚಳಿಗಾಲದಲ್ಲಿಯೇ. ಇನ್ನೊಂದು ಸ್ಥಳವನ್ನು ನೋಡಿಬಿಡಬೇಕೆಂಬ ಹಟದಿಂದ ಇಡೀ ರಾತ್ರಿ ಬಸ್ಸನ್ನು ಓಡಿಸುವ ಯೋಜನೆಯನ್ನು ಹಿರಿಯರು ಹಾಕಬಾರದು; 'ಇನ್ನೂ ಬೇಗ' ಎಂದು ಚಾಲಕನನ್ನು ಮಕ್ಕಳು ಒತ್ತಾಯಿಸಲೂಬಾರದು. ನೋಡದೆ ಉಳಿದ ಸ್ಥಳವನ್ನು ಮುಂದಿನ ವರ್ಷ ನೋಡಬಹುದು.

ಅಪಾಯದ ದಾರಿಯನ್ನು ಹಿಡಿಯುವುದೇ ಧೈರ್ಯವೆಂದು ಕೆಲವರು ಭಾವಿಸುತ್ತಾರೆ. ಹಿಮದ ನಾಡಿನಲ್ಲಿ ಚಳಿಗಾಲವಿಡೀ ರಸ್ತೆಯನ್ನು ತೆರವುಗೊಳಿಸುವ ಗಡಿ ರಸ್ತೆಗಳ ಸಂಸ್ಥೆಯ ಕೆಲಸಗಾರರಿಗಿಂತ ಧೈರ್ಯವಂತರು ಯಾರು? ಅವರು ಅಪಾಯವನ್ನು ಎದುರಿಸುವುದು ಇತರರ ಬಾಳಿಗಾಗಿ, ತಕ್ಕ ಸಲಕರಣೆಗಳೊಡನೆ. ಬರಿಯ ಅವಸರಕ್ಕಾಗಿ ಜೀವವನ್ನು ಪಣಕ್ಕಿಡುವುದು ಧೈರ್ಯವಲ್ಲ, ಅವಿವೇಕ. ಸಹಪ್ರಯಾಣಿಕರೆಲ್ಲರೂ ಮುಂದೆ ಹೋಗೋಣವೆನ್ನುವಾಗ 'ಇಂದು ಬೇಡ, ಮರಳೋಣ' ಎಂದು ಹೇಳುವುದಕ್ಕೆ ಹೆಚ್ಚಿನ ಎದೆಗಾರಿಕೆ ಬೇಕು. ಒಂದು ದಿನ ತಡವಾಗಿ ಬಂದವನಿಗೆ ಮನೆಯವರು ಬಾಗಿಲು ತೆರೆಯುತ್ತಾರೆ. ಬಾರದವನಿಗಾಗಿ ತೆರೆದ ಬಾಗಿಲಿನಲ್ಲಿ ಕಾಯುತ್ತಲೇ ಇರುತ್ತಾರೆ. ದಾರಿಯನ್ನು ಆರಿಸುವವನು ಆ ಬಾಗಿಲನ್ನು ನೆನೆದರೆ, ಹಿತವಾದ ದಾರಿ ಯಾವುದೆಂಬುದು ತಾನಾಗಿಯೇ ತಿಳಿಯುತ್ತದೆ.