ಬಾಯಿಪಾಠದ ಬೇಲೂರು ಸಾಕೇ?

ಶಾಲಾ ಪ್ರವಾಸದಲ್ಲಿ ನಾನು ಬೇಲೂರು ನೋಡಿದ್ದು ಅರ್ಧ ಗಂಟೆ. ನೆನಪಿರುವುದು ಸಾಲು, ಸೀಟಿ ಅಷ್ಟೇ. ಚೆನ್ನಕೇಶವ ದೇವಾಲಯ, 1117 ಎಂದು ಸ್ಪರ್ಧಾತ್ಮಕ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೇ ಹೆಚ್ಚು.

ಕಳೆದ ರಜೆಯಲ್ಲಿ ಕೊಡ್ಲಿಪೇಟೆಯಿಂದ ತಂಗಿಯನ್ನು ಕರೆದೊಯ್ದೆ. ಪುಸ್ತಕದಲ್ಲಿ ಅಂಗೈಯಗಲವಿದ್ದ ದರ್ಪಣ ಸುಂದರಿಯನ್ನು ಕತ್ತೆತ್ತಿ ನೋಡುತ್ತಾ ನಿಂತುಬಿಟ್ಟಳು. ಇದು ಬಳಪದ ಕಲ್ಲು, ಬಳ್ಳಿಗಾವೆಯ ದಾಸೋಜ, ಚಾವಣರಂಥ ಶಿಲ್ಪಿಗಳು ಇಲ್ಲಿ ತಮ್ಮ ಹೆಸರನ್ನೂ ಕೆತ್ತಿದ್ದಾರೆ ಎಂದೆ. ‘ಹಾಗಾದ್ರೆ ಇದನ್ನೆಲ್ಲಾ ನಮ್ಮಂಥ ಮನುಷ್ಯರೇ ಮಾಡಿದ್ದಾ ಅಕ್ಕಾ?’ ಎಂದಳು. ಈ ಪ್ರಶ್ನೆಯನ್ನು ಯಾವ ಫೋಟೊ ಹುಟ್ಟಿಸೀತು?

2023ರಲ್ಲಿ ಹೊಯ್ಸಳ ದೇಗುಲಗಳು ಯುನೆಸ್ಕೊ ಪಟ್ಟಿ ಸೇರಿದಾಗ ಸ್ಟೇಟಸ್ ಹಾಕಿ ಹೆಮ್ಮೆಪಟ್ಟವರು ನಾವು. ಅಷ್ಟಕ್ಕೇ ನಿಲ್ಲದೆ ತಮ್ಮ, ತಂಗಿಯರನ್ನು ಕರೆದೊಯ್ಯೋಣ. ಎಲ್ಲವನ್ನೂ ತೋರಿಸಬೇಕಿಲ್ಲ, ಒಂದು ಶಿಲ್ಪದ ಮುಂದೆ ಹತ್ತು ನಿಮಿಷ ಸುಮ್ಮನೆ ನಿಲ್ಲಲು ಬಿಟ್ಟರೆ ಸಾಕು.