ಕೂಡಿಬಾರದ ಜೋಡಿ

ಎಡ್ಡಿ ಮರ್ಫಿ, ಓವನ್ ವಿಲ್ಸನ್ ನಟಿಸಿದ ‘ಐ ಸ್ಪೈ’ (2002) ಚಿತ್ರವನ್ನು ಈಚೆಗೆ ಮತ್ತೊಮ್ಮೆ ನೋಡಿದೆ. ನಗು ಬರಲಿಲ್ಲ, ವಿಷಾದವಾಯಿತು.

1965ರಲ್ಲಿ ಆರಂಭವಾದ ಇದೇ ಹೆಸರಿನ ಅಮೆರಿಕನ್ ಧಾರಾವಾಹಿಯಲ್ಲಿ ಬಿಳಿಯ ರಾಬರ್ಟ್ ಕಲ್ಪ್, ಕಪ್ಪುವರ್ಣೀಯ ಬಿಲ್ ಕಾಸ್ಬಿ ಸರಿಸಮಾನ ಗೂಢಚಾರರು. ಅಲ್ಲಿ ವರ್ಣಭೇದದ ವಿರುದ್ಧ ಹೋರಾಟ ನಡೆದಿದ್ದ ಆ ಕಾಲದಲ್ಲಿ, ಭಾಷಣಗಳ ಹಂಗಿಲ್ಲದೆ ಅವರ ಗೆಳೆತನವೇ ಸಮಾನತೆಯನ್ನು ಸಾರಿತು.

ಚಿತ್ರದಲ್ಲಿ ಉಳಿದದ್ದು ಹೆಸರಷ್ಟೇ. ಮರ್ಫಿ ಬಡಾಯಿಕೋರ ಬಾಕ್ಸರ್, ವಿಲ್ಸನ್ ಪೆಚ್ಚುಮೋರೆಯ ಗೂಢಚಾರ. ಬುಡಾಪೆಸ್ಟಿನಲ್ಲಿ ಜೊತೆಯಾಗಿ ಅಲೆದರೂ ಒಬ್ಬನ ಮಾತಿಗೆ ಇನ್ನೊಬ್ಬ ಕಿವಿಗೊಡುವುದಿಲ್ಲ. ಸುಮಾರು 7 ಕೋಟಿ ಡಾಲರ್ ನುಂಗಿದ ಚಿತ್ರ ಅಮೆರಿಕದಲ್ಲಿ ಅದರ ಅರ್ಧವನ್ನೂ ಗಳಿಸಲಿಲ್ಲ.

ಇಬ್ಬರು ಸಮರ್ಥ ಅಧಿಕಾರಿಗಳನ್ನು ಒಂದೇ ಕೊಠಡಿಯಲ್ಲಿ ಕೂರಿಸಿದ ಮಾತ್ರಕ್ಕೆ ಕಡತ ಚಲಿಸದೆಂಬುದನ್ನು ನನ್ನ ಸೇವಾವಧಿಯಲ್ಲಿ ಕಂಡಿದ್ದೇನೆ. ಬಂಡವಾಳ ತಾರೆಯರನ್ನು ತಂದೀತು. ಪರಸ್ಪರ ಗೌರವವನ್ನು ತಾರದು.